ಅರ್ಜಿಯ ಬೆನ್ನ ಮೇಲಿನ ಗೀಟುಗಳು

ಹಂಸಳನ್ನು ನಾನು ಮೊದಲು ಕಂಡದ್ದು ೧೯೯೩ರ ಜುಲೈ ಹನ್ನೆರಡನೆಯ ತಾರೀಖು, ಸೋಮವಾರ. ಕಂಡದ್ದು ಎಂದರೆ ಪೂರ್ತಿ ನಿಜವಾಗಲಾರದು. ಅದಕ್ಕೂ ಐದು ವಾರ ಮುಂಚಿನಿಂದ ಅವಳು ನನ್ನ ಪ್ರಥಮ ಪಿಯುಸಿ ಗಣಿತದ ತರಗತಿಯಲ್ಲಿ ಕಿಟಕಿಯ ಪಕ್ಕದ ಐದನೆಯ ಬೆಂಚಿನಲ್ಲಿ ಕುಳಿತಿರುತ್ತಿದ್ದಳು. ತೊಂಬತ್ತೆರಡು ಮಕ್ಕಳ ತರಗತಿ ಅದು. ಹಾಜರಿ ಕೂಗುವಾಗ ನಲವತ್ತೇಳು ಎಂದರೆ 'ಎಸ್ ಮಿಸ್' ಎಂಬ ಸಣ್ಣ ಧ್ವನಿ ಬರುತ್ತಿತ್ತು. ಆ ಧ್ವನಿಗೂ ಒಂದು ಮುಖವಿದೆಯೆಂದು ನನಗೆ ತಿಳಿದದ್ದು ಆ ಸೋಮವಾರ.

ಹಲಸೂರು ಕೆರೆಯಿಂದ ಹತ್ತು ನಿಮಿಷದ ನಡಿಗೆಯಲ್ಲಿದ್ದ ಸರ್ಕಾರಿ ಪದವಿಪೂರ್ವ ಕಾಲೇಜು ನಮ್ಮದು. ಅಧ್ಯಾಪಕರ ಕೊಠಡಿಯಲ್ಲಿ ನಾನು ಮೊದಲ ಕಿರುಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ಜೋಡಿಸುತ್ತಿದ್ದೆ. ಎರಡು ಜಡೆ ಮಡಿಚಿ ಕಟ್ಟಿದ, ನೀಲಿ ಲಂಗದಾವಣಿಯ ಹುಡುಗಿಯೊಬ್ಬಳು ಬಂದು ಮೇಜಿನ ಮೇಲೆ ಒಂದು ಕಾಗದವಿಟ್ಟು, ಪೆನ್ನನ್ನೂ ಮುಚ್ಚಳ ತೆಗೆದು ಅದರ ಪಕ್ಕದಲ್ಲಿಟ್ಟಳು. ನಾನು ತಲೆಯೆತ್ತುವ ಮೊದಲೇ ಸಹಿ ಹಾಕಬೇಕಾದ ಜಾಗವನ್ನು ಬೆರಳಿನಿಂದ ತೋರಿಸಿಯೂ ಆಗಿತ್ತು.

ವಿಷಯ ಬದಲಾವಣೆಯ ಅರ್ಜಿ ಅದು. ಗಣಿತ ಬಿಡುತ್ತೇನೆ, ಕಲಾ ವಿಭಾಗಕ್ಕೆ ಕಳುಹಿಸಿಕೊಡಿ ಎಂಬ ಒಕ್ಕಣೆ. ಗಣಿತವಿಲ್ಲದ ವಿಜ್ಞಾನ ನಮ್ಮ ಕಾಲೇಜಿನಲ್ಲಿ ಇರಲಿಲ್ಲ. ಆದ್ದರಿಂದ ಗಣಿತ ಬಿಡುವುದೆಂದರೆ ವಿಜ್ಞಾನವನ್ನೇ ಬಿಡುವುದು. ಅರ್ಜಿಗೆ ಮೊದಲು ವಿಷಯದ ಅಧ್ಯಾಪಕರ ಸಹಿ, ಆಮೇಲೆ ತಂದೆಯ ಸಹಿ. ಎರಡೂ ಆದ ಅರ್ಜಿಯನ್ನು ಜುಲೈ ಮೂವತ್ತೊಂದರ ಸಂಜೆಯೊಳಗೆ ಗುಮಾಸ್ತ ಭಗವಂತರಾಯರ ಕೈಗೆ ಕೊಡಬೇಕು. ಆ ತಾರೀಖು ದಾಟಿದರೆ ಎರಡು ವರ್ಷ ಗಣಿತದ ಕೈ ಬಿಡುವ ಹಾಗಿಲ್ಲ.

ನಾನು ಅವಳ ಉತ್ತರ ಪತ್ರಿಕೆ ಹುಡುಕಿ ತೆಗೆದೆ. ಇಪ್ಪತ್ತೈದಕ್ಕೆ ಮೂರು. ಎಸ್ಸೆಸ್ಸೆಲ್ಸಿಯಲ್ಲಿ ಎಷ್ಟು ಬಂದಿತ್ತೆಂದು ಕೇಳಿದೆ. ಗಣಿತದಲ್ಲಿ ನೂರಕ್ಕೆ ಎಂಬತ್ನಾಲ್ಕು ಎಂದಳು. ಕನ್ನಡ ಮಾಧ್ಯಮವೇ ಎಂದೆ. ಹೌದೆಂದು ತಲೆಯಾಡಿಸಿದಳು. ನಮ್ಮಲ್ಲಿ ವಿಜ್ಞಾನ ಇಂಗ್ಲಿಷಿನಲ್ಲಿ. ಲಂಬವೆಂದರೆ ಥಟ್ಟನೆ ಎಳೆದು ತೋರಿಸುತ್ತಿದ್ದ ಮಕ್ಕಳು ಪರ್ಪೆಂಡಿಕ್ಯುಲರ್ ಎಂದೊಡನೆ ಕಣ್ಣು ಕಣ್ಣು ಬಿಡುವುದನ್ನು ನಾನು ಪ್ರತಿವರ್ಷ ನೋಡುತ್ತಿದ್ದೆ. ಕೆಲವರು ದಾಟುತ್ತಿದ್ದರು, ಬಹಳ ಮಂದಿ ಮುಳುಗುತ್ತಿದ್ದರು. ಮುಳುಗುವ ಮಗುವನ್ನು ದಡಕ್ಕೆ ಬಿಡುವುದೇ ದಯೆ ಎಂದುಕೊಂಡು, ಹೆಚ್ಚು ಯೋಚಿಸದೆ ಸಹಿ ಹಾಕಿಬಿಟ್ಟೆ. ಅವಳು ಪೆನ್ನಿಗೆ ಮುಚ್ಚಳ ಹಾಕಿಕೊಂಡು ಹೋದಳು. ಇಡೀ ಭೇಟಿ ಎರಡು ನಿಮಿಷದ್ದು.

ಬುಧವಾರ ಮಧ್ಯಾಹ್ನ ಒಬ್ಬ ಅಜ್ಜಿ ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಕಂಕುಳಲ್ಲಿ ಬಟ್ಟೆಚೀಲ, ಚೀಲದ ತಳದಲ್ಲಿ ನೇರಳೆ ಬಣ್ಣದ ಕಲೆ. ಅವರೇ ಮುನಿಗಂಗಮ್ಮ, ಹಂಸಳ ತಂದೆಯ ತಾಯಿ. ಕಗ್ಗದಾಸಪುರದ ಅಂಚಿನಲ್ಲಿ ಅವರಿಗೆ ಹಿಂದೆ ರಾಗಿ ಹೊಲವಿತ್ತು. ಈಗ ಆ ಹೊಲದಲ್ಲಿ ಸಾಲು ಮನೆಗಳೆದ್ದು, ವಿಮಾನ ಕಾರ್ಖಾನೆಯ ನೌಕರರು ಬಾಡಿಗೆಗಿದ್ದರು. ಉಳಿದದ್ದೊಂದು ನೇರಳೆ ಮರ. ಅದರ ಹಣ್ಣನ್ನು ತಂದು ನನ್ನ ಮೇಜಿನ ಮೇಲೆ ಸುರಿದು, ಮೊಮ್ಮಗಳಿಗೆ ಸಹಿ ಹಾಕಿಕೊಟ್ಟದ್ದಕ್ಕೆ ನನ್ನನ್ನು ಹರಸಿದರು. ಆ ದಿನ ಸಂಜೆಯವರೆಗೆ ನಮ್ಮ ಅಧ್ಯಾಪಕರೆಲ್ಲರ ನಾಲಗೆ ಒಂದೇ ಬಣ್ಣವಾಗಿತ್ತು. ಪ್ರಾಂಶುಪಾಲರು ಸಭೆಯಲ್ಲಿ ಶಿಸ್ತಿನ ಬಗ್ಗೆ ಮಾತನಾಡುವಾಗ ಯಾರೂ ಅವರ ಬಾಯಿಯ ಕಡೆ ನೋಡುವ ಹಾಗಿರಲಿಲ್ಲ.

ಮುನಿಗಂಗಮ್ಮನವರು ಮನೆಯ ಚರಿತ್ರೆಯನ್ನೂ ಹೇಳಿದರು. ಅವರಿಗೆ ಹನ್ನೊಂದು ಮೊಮ್ಮಕ್ಕಳು. ಹಂಸಳಿಗಿಂತ ದೊಡ್ಡವರು ಏಳು ಮಂದಿ. ಏಳೂ ಮಂದಿ ಎಲ್ಲೋ ಒಂದು ಕಡೆ ಫೇಲಾದರು. ಫೇಲಾದವರು ಯಾರೂ ಮತ್ತೆ ಪುಸ್ತಕ ಮುಟ್ಟಲಿಲ್ಲ. ಅದು ಆ ಮನೆಯಲ್ಲಿ ಯಾರೂ ಮಾಡದ, ಆದರೆ ಎಲ್ಲರೂ ಪಾಲಿಸುವ ಕಾನೂನು. ಒಬ್ಬಳಾದರೂ ಪಿಯುಸಿ ದಾಟಲಿ, ಆಮೇಲೆ ನಾನು ಕಣ್ಣು ಮುಚ್ಚಿದರೂ ಚಿಂತೆಯಿಲ್ಲ ಎಂಬುದು ಅಜ್ಜಿಯ ಆಸೆ. ಲೆಕ್ಕದ ಹಂಗು ಯಾಕೆ ಬೇಕು ಎಂದು ಅವರು ಊರಂಚಿನ ಮಾರಮ್ಮನ ಗುಡಿಯಲ್ಲಿ ಹೂ ಕೇಳಿದ್ದರು.

ಹೂ ಕೇಳುವ ಪದ್ಧತಿ ಗೊತ್ತಿಲ್ಲದವರಿಗೆ ಒಂದು ಮಾತು. ಪೂಜಾರಿ ದೇವಿಯ ಕಲ್ಲು ವಿಗ್ರಹದ ಎರಡು ಭುಜಗಳಿಗೂ ಒದ್ದೆ ಕಣಗಿಲೆ ಹೂ ಅಂಟಿಸುತ್ತಾನೆ. ಕೇಳಬೇಕಾದದ್ದನ್ನು ಕೇಳಿ ಕೈಮುಗಿದು ನಿಂತರೆ ಸ್ವಲ್ಪ ಹೊತ್ತಿಗೆ ಒಂದು ಹೂ ಬೀಳುತ್ತದೆ. ದೇವಿಯ ಬಲಭುಜದಿಂದ ಬಿದ್ದರೆ ಹೌದು, ಎಡಭುಜದಿಂದ ಬಿದ್ದರೆ ಇಲ್ಲ. ಲೆಕ್ಕ ಬಿಡಿಸಲೇ ತಾಯಿ ಎಂದು ಅಜ್ಜಿ ಕೇಳಿದ್ದಕ್ಕೆ ಮಂಗಳವಾರ ಬೆಳಿಗ್ಗೆ ಬಲಗಡೆಯ ಹೂ ಬಿದ್ದಿತ್ತು. ಇನ್ನು ಮಗ ಬೈಲಪ್ಪ ಸಹಿ ಹಾಕುವುದೊಂದೇ ಬಾಕಿ. ಆದರೆ ಆಷಾಢ. ಸೋಮವಾರ ಅಮಾವಾಸ್ಯೆ ಕಳೆದ ಮೇಲೆ ಹಾಕುತ್ತಾನೆ ಎಂದರು. ಆಷಾಢದಲ್ಲಿ ಮನೆ ಕಟ್ಟುವುದಿಲ್ಲ, ಮದುವೆ ಮಾಡುವುದಿಲ್ಲ ಎಂದು ಗೊತ್ತಿತ್ತು. ಗಣಿತವನ್ನೂ ಬಿಡುವುದಿಲ್ಲವೆಂದು ನನಗೆ ಅಂದು ತಿಳಿಯಿತು.

ಗುರುವಾರ ತರಗತಿ ಮುಗಿದ ಮೇಲೆ ಹಂಸ ನನ್ನ ಹಿಂದೆಯೇ ಬಂದಳು.

"ಮಿಸ್, ಒಂದು ಡೌಟು."

ಐದು ವಾರದಲ್ಲಿ ಅವಳು ಕೇಳಿದ ಮೊದಲನೆಯ ಸಂದೇಹ. ನಾನು ಸೀಮೆಸುಣ್ಣ ಮತ್ತೆ ಕೈಗೆತ್ತಿಕೊಂಡೆ.

"ಒಂದು ಮಾತು ನಿಜ, ಅದರ ಉಲ್ಟಾನೂ ನಿಜ. ಹಂಗೆ ಆಗಕ್ಕಾಗುತ್ತಾ ಮಿಸ್?"

ಆಗಲಾರದು, ಹಾಗೆ ಬಂದರೆ ನಡುವೆ ಎಲ್ಲೋ ತಪ್ಪಿದೆ ಎಂದರ್ಥ ಎಂದೆ. ಅವಳು ಮಂಗಳವಾರದ ಉಳಿದರ್ಧ ಕಥೆ ಹೇಳಿದಳು. ಬೆಳಿಗ್ಗೆ ಅಜ್ಜಿ ಬಿಡಿಸಲೇ ಎಂದು ಕೇಳಿ ಬಲಗಡೆಯ ಹೂ ಪಡೆದು ಬಂದಿದ್ದರಷ್ಟೆ. ಸಂಜೆ ಇವಳೊಬ್ಬಳೇ ಕದ್ದು ಗುಡಿಗೆ ಹೋಗಿ, ಓದಲೇ ಎಂದು ಕೇಳಿದ್ದಳು. ಅದಕ್ಕೂ ಬಲಗಡೆಯ ಹೂವೇ ಬಿದ್ದಿತ್ತು.

ಬಿಡುವ ಅರ್ಜಿಗೆ ಸಹಿ ಮಾಡಿಸಿಕೊಂಡ ಮೇಲೆ ಓದಲೇ ಎಂದು ಯಾಕೆ ಕೇಳಿದೆಯೆಂದೆ. ಆಗ ನಿಜವಾದ ಸಂಗತಿ ಹೊರಬಂತು. ಅವಳು ಏಳನೆಯ ತರಗತಿಯಲ್ಲಿದ್ದಾಗ ಹೊಲ ಅಳೆಯಲು ಸರ್ವೆಯವರು ಬಂದಿದ್ದರಂತೆ. ಮೂವತ್ತಮೂರು ಅಡಿಯ ಕಬ್ಬಿಣದ ಸರಪಳಿ, ಮೂರು ಕಾಲಿನ ಮೇಲೆ ಕೂರಿಸಿದ ಒಂದು ಯಂತ್ರ. ಕೆಲಸದವನು ಬಂದಿರಲಿಲ್ಲವಾದ್ದರಿಂದ ಬಾವುಟದ ಕೋಲು ಹಿಡಿದು ನಿಲ್ಲುವ ಕೆಲಸ ಇವಳಿಗೆ ಸಿಕ್ಕಿತು. ದೂರದಿಂದ ಸರ್ವೆಯವರು ಬಲಕ್ಕೆ ಬಾ ಎಂದರೆ ಇವಳು ಬಲಕ್ಕೆ ಹೋಗುವುದು, ನಿನ್ನ ಬಲಕ್ಕಲ್ಲ, ನನ್ನ ಬಲಕ್ಕೆ ಎಂದು ಅವರು ಕೂಗುವುದು. ಇಡೀ ದಿನ ಇದೇ ಆಯಿತು. ಸಂಜೆ ಅವರು ಒಂದು ಜಾಗ ತೋರಿಸಿ ಇಲ್ಲಿ ಅಗೆಯಿರಿ ಎಂದರು. ಮೊಳ ಆಳದಲ್ಲಿ ಇವಳ ಮುತ್ತಾತನ ಕಾಲದ ಗಡಿಗಲ್ಲು, ಬಾಂದು ಕಲ್ಲು ಎನ್ನುತ್ತಾರಲ್ಲ, ಅದು ಸಿಕ್ಕಿತು. ನೆಲದೊಳಗಿನ ಕಲ್ಲು ಕಾಗದದ ಮೇಲಿನ ಲೆಕ್ಕದಿಂದ ಸಿಕ್ಕಿಬಿಟ್ಟದ್ದನ್ನು ಕಂಡ ದಿನವೇ ತಾನು ಸರ್ವೆಯವಳಾಗಬೇಕೆಂದು ನಿಶ್ಚಯಿಸಿದಳಂತೆ. ಅದಕ್ಕೆ ಪಿಯುಸಿಯಲ್ಲಿ ಗಣಿತ ಬೇಕು. ಗಣಿತ ಇಟ್ಟುಕೊಂಡರೆ ಫೇಲು. ಫೇಲಾದರೆ ಆ ಮನೆಯಲ್ಲಿ ಓದೇ ಮುಗಿಯಿತು. ಬಿಟ್ಟರೆ ಪಿಯುಸಿ ಸಿಗುತ್ತದೆ, ಆದರೆ ಆ ಮೂರು ಕಾಲಿನ ಯಂತ್ರ ಸಿಗುವುದಿಲ್ಲ.

ನಾನು ಎರಡು ನಿಮಿಷದಲ್ಲಿ ಹಾಕಿದ ಸಹಿ ಅವಳ ಚೀಲದಲ್ಲಿತ್ತು. ಅದನ್ನು ನೆನೆದು ನನಗೆ ಸಂಕೋಚವಾಯಿತು. ಏನಾದರೂ ಹೇಳಬೇಕಲ್ಲ, ಒಂದೆರಡು ಹೂವಿನಿಂದ ಏನೂ ತೀರ್ಮಾನವಾಗುವುದಿಲ್ಲ, ನಾಲ್ಕು ದಿನ ಲೆಕ್ಕವಿಟ್ಟು ನೋಡು ಎಂದೆ. ಬೇರೆ ಮಕ್ಕಳಾಗಿದ್ದರೆ ಮಿಸ್ ಏನೋ ಹೇಳಿದರು ಎಂದು ಮರೆತುಬಿಡುತ್ತಿದ್ದರು. ಇವಳು ಲೆಕ್ಕವಿಟ್ಟಳು.

ಗುಡಿಯಲ್ಲಿ ಹೂ ಕೇಳುವುದು ಮಂಗಳವಾರ ಮತ್ತು ಶುಕ್ರವಾರ. ಮರುದಿನದ ಶುಕ್ರವಾರದಿಂದ ಹಿಡಿದು ಅಂಥ ಮೂರು ಸಂಜೆ ಅವಳು ಬೇವಿನ ಮರದ ಕಟ್ಟೆಯ ಮೇಲೆ ಕುಳಿತು ಬಂದವರನ್ನೆಲ್ಲ ಎಣಿಸಿದಳು. ಮೊದಲ ದಿನ ಕೈಯಲ್ಲಿ ಬೇರೆ ಕಾಗದವಿರಲಿಲ್ಲ. ಚೀಲದಲ್ಲಿದ್ದ ಅರ್ಜಿಯನ್ನೇ ತಿರುಗಿಸಿ ಅದರ ಬೆನ್ನ ಮೇಲೆ ಗೀಟೆಳೆದಳು. ನಾಲ್ಕು ಗೀಟು, ಮೇಲೊಂದು ಅಡ್ಡಗೀಟು. ಆಷಾಢ ಕಳೆದು ಬೈಲಪ್ಪನವರು ಸಹಿ ಹಾಕಲು ಪೆನ್ನು ಹುಡುಕಿದಾಗ ಅರ್ಜಿ ಮಿಸ್ ಹತ್ತಿರ ಇದೆ ಎಂದು ನನ್ನ ಹೆಸರಿನಲ್ಲಿ ಒಂದು ಸುಳ್ಳನ್ನೂ ಹೇಳಿದಳು. ಇಪ್ಪತ್ತನಾಲ್ಕರ ಶನಿವಾರ ಆ ಕಾಗದವನ್ನು ನನ್ನ ಮುಂದೆ ಹರಡಿದಳು. ಒಟ್ಟು ಐವತ್ತೆರಡು ಜನ. ಬಲಗಡೆಯ ಹೂ ನಲವತ್ತಮೂರು, ಎಡಗಡೆಯದು ಆರು, ಬೀಳದೆಯೇ ಉಳಿದದ್ದು ಮೂರು. ಅವಳು ನನ್ನ ತರಗತಿಯಲ್ಲಿ ಅಷ್ಟು ಅಚ್ಚುಕಟ್ಟಾಗಿ ಒಂದು ಪುಟವನ್ನೂ ಬರೆದಿರಲಿಲ್ಲ.

ಲೆಕ್ಕ ಅಷ್ಟಕ್ಕೇ ನಿಂತಿರಲಿಲ್ಲ. ಹಿಂದಿನ ಸಂಜೆ ಗುಡಿ ಖಾಲಿಯಾದ ಮೇಲೆ ಅವಳು ಪೂಜಾರಿ ಚಿನ್ನಪ್ಪನನ್ನೇ ಹೋಗಿ ಕೇಳಿದ್ದಳು. ಚಿನ್ನಪ್ಪ ಅರವತ್ತು ದಾಟಿದವನು, ಸಾಧು. ಮೊದಲು ಎಲ್ಲಾ ಅಮ್ಮನ ಇಚ್ಛೆ ಎಂದನಂತೆ. ಅವಳು ಗೀಟುಗಳನ್ನು ತೋರಿಸಿದ ಮೇಲೆ ಗುಡಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟನಂತೆ. ಅವನು ಹೇಳಿದ್ದನ್ನು ಅವಳು ಅವನ ದನಿಯಲ್ಲೇ ಹೇಳಿ ತೋರಿಸಿದಳು.

"ಎಡಗಡೆ ಹೂವ ಒಂಚೂರು ಜಾಸ್ತಿ ಒದ್ದೆ ಮಾಡ್ತೀನಿ ಕಣವ್ವ, ಅಂಟ್ಕೊಂಡಿರ್ತದೆ. ಬಲಗಡೇದು ಬೇಗ ಒಣಗಿ ಬೀಳ್ತದೆ. ಪಾಪ, ಮನಸ್ನಾಗೆ ಏನೋ ಒಂದು ಆಸೆ ಇಟ್ಕೊಂಡು ಬಂದಿರ್ತಾರೆ. ಇಲ್ಲ ಅನ್ನೋಕೆ ಅಮ್ಮಂಗೂ ಮನಸಿರಾಕಿಲ್ಲ, ನಂಗೂ ಇರಾಕಿಲ್ಲ."

ಹಾಗಾದರೆ ಎಡಗಡೆಯ ಆ ಆರು ಹೂಗಳು ಯಾಕೆ ಬಿದ್ದವೆಂದು ನಾನು ಕೇಳಿದೆ. ಬೀಡಿಯ ಯೋಚನೆ ಬಂದಾಗ ಕೈ ತಪ್ಪುತ್ತದಂತೆ ಎಂದಳು.

ಇಬ್ಬರೂ ನಕ್ಕೆವು. ಆಮೇಲೆ ಅವಳು ಕಾಗದ ಮಡಿಸುತ್ತಾ ಹೇಳಿದಳು: "ಬಿಡ್ಲಾ ಅಂದ್ರೂ ಹೂಂ ಅಂತಾಳೆ, ಓದ್ಲಾ ಅಂದ್ರೂ ಹೂಂ ಅಂತಾಳೆ. ಏನು ಕೇಳ್ಬೇಕು ಅನ್ನೋದನ್ನ ನಾವೇ ನೋಡ್ಕೊಂಡು ಕೇಳ್ಬೇಕು ಮಿಸ್."

ಇಷ್ಟು ಹೇಳಿದವಳಿಗೆ ಏನು ಕೇಳಬೇಕೆಂದೂ ಹೊಳೆದಿತ್ತು. ಅವಳು ಆ ಸಂಜೆ ಅಜ್ಜಿಯ ಹತ್ತಿರ ತನ್ನ ಕದ್ದು ಕೇಳಿದ ಹೂವಿನ ವಿಷಯ ಒಪ್ಪಿಕೊಂಡಳು. ಎರಡು ಹೂವಿಗೂ ಜಗಳವಾದರೆ ಮೂರನೆಯದು ಕೇಳಲೇಬೇಕೆಂದು ಅಜ್ಜಿ ಹೇಳುವರೆಂದು ಅವಳಿಗೆ ಗೊತ್ತಿತ್ತು. ಅಜ್ಜಿ ಹಾಗೆಯೇ ಹೇಳಿದರು. ಆಗ ಇವಳು, ಬಿಡಲೇ ಓದಲೇ ಎಂದು ಕೇಳುವುದು ಬೇಡ, ಲೆಕ್ಕದಲ್ಲಿ ಪಾಸಾಗುತ್ತಾಳೆಯೇ ಎಂದು ಕೇಳು, ಪಾಸಾಗುವ ಹಾಗಿದ್ದರೆ ಬಿಡುವುದು ಯಾಕೆ ಎಂದಳು. ಅಜ್ಜಿಗೆ ನ್ಯಾಯವೆನ್ನಿಸಿತು. ಐವತ್ತೆರಡರಲ್ಲಿ ನಲವತ್ತಮೂರು ಬಲಗಡೆ ಬೀಳುವ ಗುಡಿ. ಇಪ್ಪತ್ತೈದಕ್ಕೆ ಮೂರು ತೆಗೆದ ಹುಡುಗಿ ಮಾರಮ್ಮನನ್ನು ಸಾಕ್ಷಿ ಮಾಡಿ ಪಾಸಾಗಲು ಹೊರಟಿದ್ದಳು.

ಎಲ್ಲವೂ ಕ್ರಮವಾಗಿ ನಡೆಯಬೇಕೆಂದು ಅಜ್ಜಿ ನನ್ನನ್ನೂ ಸಾಕ್ಷಿಗೆ ಕರೆಸಿದರು. ಇಪ್ಪತ್ತೇಳರ ಮಂಗಳವಾರ ಸಂಜೆ ನಾನು ಹಂಸಳ ಜತೆಯಲ್ಲಿ ಬಸ್ಸಿನಲ್ಲಿ ಹೋದೆ. ಹೊಸ ತಿಪ್ಪಸಂದ್ರದ ಸಂತೆಯಂಥ ರಸ್ತೆ ದಾಟಿ ಇಳಿದು ಒಂದು ಮೈಲಿ ನಡೆದೆವು. ಹಾದಿಯುದ್ದಕ್ಕೂ ಅರ್ಧ ಎದ್ದ ಮನೆಗಳು, ನಡುನಡುವೆ ಸೈಟಿನ ಕಲ್ಲುಗಳು. ಆ ಕಲ್ಲುಗಳ ಪೈಕಿ ಯಾವುದು ನೆಟ್ಟಗಿದೆ, ಯಾವುದು ಸರಿದಿದೆ ಎಂದು ಹಂಸ ಹೇಳುತ್ತಾ ಬಂದಳು.

ಚಿನ್ನಪ್ಪ ನಮ್ಮನ್ನು ನೋಡಿದ. ಒಂದು ಕಡೆ ಕೈಯಲ್ಲಿ ಅರ್ಜಿ ಹಿಡಿದ ಹಂಸ, ಇನ್ನೊಂದು ಕಡೆ ಕನ್ನಡಕದ ನಾನು, ನಡುವೆ ಹೊಸ ಸೀರೆಯ ಮುನಿಗಂಗಮ್ಮ, ಹಿಂದೆ ಜೇಬಿನಲ್ಲಿ ಪೆನ್ನು ಸಿಕ್ಕಿಸಿಕೊಂಡ ಬೈಲಪ್ಪ. ಪೂಜಾರಿಯ ಮುಖ ಪರೀಕ್ಷೆಯ ಕೊಠಡಿಗೆ ಬಂದ ಹುಡುಗನ ಮುಖದಂತಾಯಿತು. ಹೂಗಳನ್ನು ನೀರಿನಲ್ಲಿ ಅದ್ದಿದ. ಒಂದನ್ನು ಕೊಡವಿದ, ಇನ್ನೊಂದನ್ನೂ ಅಷ್ಟೇ ಕೊಡವಿದ. ಎರಡನ್ನೂ ಎರಡು ಕೈಯಲ್ಲಿ ಹಿಡಿದು ತೂಗಿ ನೋಡಿ ಭುಜಗಳಿಗೆ ಅಂಟಿಸಿದ. ಅಜ್ಜಿ ಜೋರಾಗಿಯೇ ಕೇಳಿದರು, ಈ ಮಗು ಲೆಕ್ಕದಲ್ಲಿ ಪಾಸಾಗ್ತದಾ ತಾಯಿ ಎಂದು.

ಎಡಗಡೆಯ ಹೂ ಬಿತ್ತು.

ಅಜ್ಜಿ ಬಿದ್ದ ಹೂವನ್ನು ಕಣ್ಣಿಗೊತ್ತಿಕೊಂಡು ಹೊರಗೆ ಬಂದು ಬೇವಿನ ಕಟ್ಟೆಯ ಮೇಲೆ ಕುಳಿತರು. ಚಿನ್ನಪ್ಪ ತೀರ್ಥದ ನೆವದಲ್ಲಿ ಹಂಸಳ ಹತ್ತಿರ ಬಗ್ಗಿ, ನೀನು ಹಾಗೆ ನೋಡುತ್ತಾ ನಿಂತರೆ ನನ್ನ ಕೈ ಸುಮ್ಮನಿರುತ್ತದೆಯೇ, ಭಯಕ್ಕೆ ಎರಡನ್ನೂ ಸಮ ಮಾಡಿಬಿಟ್ಟೆನಲ್ಲ ಎಂದು ಪಿಸುಗುಟ್ಟಿದ್ದು ನನಗೂ ಕೇಳಿಸಿತು. ಅವಳ ಲೆಕ್ಕವೆಲ್ಲ ಸರಿಯಾಗಿತ್ತು. ಎಣಿಸುವವಳು ಎದುರಿಗೆ ನಿಂತರೆ ಹೂ ಹಾಕುವವನ ಕೈ ಬದಲಾಗುತ್ತದೆ ಎಂಬುದೊಂದನ್ನು ಸೇರಿಸಲು ಮರೆತಿದ್ದಳು.

ಬೈಲಪ್ಪನವರು ಜೇಬಿನಿಂದ ಪೆನ್ನು ತೆಗೆದು ಅರ್ಜಿಗೆ ಕೈ ಚಾಚಿದರು. ಕಾಗದ ತಿರುಗಿಸಿದಾಗ ಗೀಟುಗಳು ಕಂಡವು. ಇದೇನಿದು ಎಂದರು. ಚಿನ್ನಪ್ಪ ಗರ್ಭಗುಡಿಯ ಬಾಗಿಲು ಹಿಡಿದು ನಿಂತ. ಅವಳು ಬಾಯಿ ಬಿಟ್ಟಿದ್ದರೆ ಅಂದಿನ ಹೂವೂ ಸುಳ್ಳು, ಹಿಂದಿನವೂ ಸುಳ್ಳು ಎಂದಾಗಿ ಅವಳ ಕೆಲಸ ಸುಲಭವಾಗುತ್ತಿತ್ತು. ಮುದುಕನಿಗೆ ಆ ಊರಿನಲ್ಲಿ ಮುಖವೆತ್ತಲು ಆಗುತ್ತಿರಲಿಲ್ಲ.

"ಗುಡಿಗೆ ಎಷ್ಟು ಜನ ಬಂದ್ರು ಅಂತ ಬರ್ಕೊಂಡಿದ್ದೆ ಅಪ್ಪ," ಎಂದಳು ಹಂಸ.

ಚಿನ್ನಪ್ಪ ಬಾಗಿಲು ಬಿಟ್ಟ. ಅವಳು ಅಜ್ಜಿಯ ಪಕ್ಕದಲ್ಲಿ ಹೋಗಿ ಕುಳಿತಳು. ಅವಳ ದನಿ ಹಾಜರಿ ಹೇಳುವಾಗಿನಷ್ಟೇ ಸಣ್ಣದಾಗಿತ್ತು.

"ಮಾರಮ್ಮ ಫೇಲಾಗ್ತೀಯ ಅಂದ್ಳು. ಸರಿ ಅಜ್ಜಿ, ಫೇಲಾಗ್ತೀನಿ. ಮಿಸ್ಸೂ ಅದನ್ನೇ ಅಂದ್ಕೊಂಡೇ ಸೈನ್ ಹಾಕಿದ್ದು. ಆದ್ರೆ ಫೇಲಾದ್ಮೇಲೆ ಮತ್ತೆ ಕಟ್ಟಿ ಬರಿಯೋಕೆ ಬಿಡ್ತೀರಾ? ಅದನ್ನ ಅಮ್ಮನ್ನ ಕೇಳೋದಲ್ಲ. ನಿಮ್ಮನ್ನ ಕೇಳೋದು."

ಮುನಿಗಂಗಮ್ಮನವರು ಬಹಳ ಹೊತ್ತು ಕೈಯಲ್ಲಿದ್ದ ಕಣಗಿಲೆ ಹೂವಿನ ಎಸಳುಗಳನ್ನು ಬಿಡಿಸುತ್ತಾ ಕುಳಿತಿದ್ದರು. ಏಳು ಮೊಮ್ಮಕ್ಕಳಲ್ಲಿ ಯಾರೂ ಅವರನ್ನು ಆ ಪ್ರಶ್ನೆ ಕೇಳಿರಲಿಲ್ಲವೆಂದು ತೋರುತ್ತದೆ. ಫೇಲಾದರು, ಬಿಟ್ಟರು, ಅವರು ಬಿಟ್ಟರೆಂದು ಇವರು ಸುಮ್ಮನಾದರು. ಬೇಡವೆಂದವರು ಯಾರೂ ಇರಲಿಲ್ಲ.

"ಪೆನ್ನು ಒಳಗಿಡೋ ಬೈಲಪ್ಪ," ಎಂದರು ಕೊನೆಗೆ. ಆಮೇಲೆ ಮೊಮ್ಮಗಳ ಕಡೆ ತಿರುಗಿ, "ಫೇಲಾದಾಗ ಮೂಲೇಲಿ ಕೂತು ಅಳೋ ಹಂಗಿಲ್ಲ ಕಣಮ್ಮಿ. ಅಮ್ಮ ಮೊದ್ಲೇ ಹೇಳವ್ಳೆ. ತಿಳ್ದೂ ತಿಳ್ದೂ ಹೋಗ್ತಾ ಇದೀಯ."

ಅವಳ ಅರ್ಜಿಯೊಂದು ಬಾಕಿಯಿದೆಯೆಂದು ನನ್ನಿಂದ ಹಿಂದೆಯೇ ಕೇಳಿದ್ದ ಭಗವಂತರಾಯರು ಮೂವತ್ತೊಂದರ ಶನಿವಾರ ಸಂಜೆ ಬೀಗದ ಕೈ ಹಿಡಿದು ಅವಳಿಗಾಗಿ ಕಾದಿದ್ದರು. ಕಲಬುರ್ಗಿಯ ಕಡೆಯವರು, ಕಟ್ಟುನಿಟ್ಟಿನ ಮನುಷ್ಯ. ಅವಳ ಕೈಯಲ್ಲಿದ್ದ ಅರ್ಜಿಯ ಹಿಂಬದಿ ನೋಡಿ ಗಾಬರಿಯಾದರು. ಸರ್ಕಾರಿ ಕಾಗದದ ಮೇಲೆ ಹೀಗೆ ಗೀಚಿದ್ದನ್ನು ಅವರು ತಮ್ಮ ಸೇವೆಯಲ್ಲೇ ಕಂಡಿರಲಿಲ್ಲ.

"ಇದು ನಡೆಯಂಗಿಲ್ಲ ತಂಗಿ. ಹೊಸಾದು ಕೊಡ್ತೀನಿ, ಮಿಸ್ಸಿಂದು ಮತ್ತೊಂದು ಸಹಿ ತಗೊಂಡು ಬಾ. ನಿಮ್ಮಪ್ಪಂದು ಸೋಮವಾರ ಹಾಕಿಸಿದ್ರೂ ನಡೀತದ. ಐದು ನಿಮಿಷ ಕುಂದರ್ತೀನಿ."

ಬೇಡ ಸಾರ್, ನೀವು ಬಾಗಿಲು ಹಾಕಿಕೊಳ್ಳಿ ಎಂದಳು. ಅವರು ಹಾಕಿಕೊಂಡರು.

ಅಲ್ಲಿಂದ ಮುಂದೆ ಪವಾಡವೇನೂ ನಡೆಯಲಿಲ್ಲ. ಶಿವಾಜಿನಗರದ ಮೆಹ್ವಿಶ್ ಎಂಬ ಹುಡುಗಿ ಅವಳ ಬೆಂಚಿಗೆ ಬಂದು ಕುಳಿತಳು. ಮನೆಯಲ್ಲಿ ದಖನಿ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷು ಕಲಿತವಳಿಗೆ ಕನ್ನಡದ ಪರೀಕ್ಷೆಯೆಂದರೆ ಜ್ವರ. ಇಬ್ಬರೂ ಒಪ್ಪಂದ ಮಾಡಿಕೊಂಡರು. ಮಧ್ಯಾಹ್ನದ ಬುತ್ತಿಯ ಹೊತ್ತಿನಲ್ಲಿ ಮೆಟ್ಟಿಲ ಮೇಲೆ ಕುಳಿತು ಒಬ್ಬಳು ಸಂಧಿ ಬಿಡಿಸುವುದು, ಇನ್ನೊಬ್ಬಳು ಪ್ರಮೇಯ ಬಿಡಿಸುವುದು. ಒಮ್ಮೆ ನಾನು ಹಾದುಹೋಗುವಾಗ ಮೆಹ್ವಿಶ್ ಹೇಳುತ್ತಿದ್ದಳು: "ಅರೆ, ಪರ್ಪೆಂಡಿಕ್ಯುಲರ್ ಅಂದ್ರೆ ಸೀದಾ ನಿಂತ್ಕೊಳ್ಳೋದು ಕಣೇ. ನಿಮ್ಮಜ್ಜಿ ಬಾಡಿಗೆಯೋರ ಮನೆ ಮುಂದೆ ನಿಲ್ತಾರಲ್ಲ, ಹಂಗೆ." ನನ್ನ ಇಷ್ಟು ವರ್ಷದ ಪಾಠದಲ್ಲಿ ಅಷ್ಟು ಚೆನ್ನಾದ ಉದಾಹರಣೆ ನನಗೆ ಹೊಳೆದಿರಲಿಲ್ಲ. ಹಂಸ ಒಂದು ನೋಟುಪುಸ್ತಕದಲ್ಲಿ ಎಡಗಡೆ ಇಂಗ್ಲಿಷು, ಬಲಗಡೆ ಕನ್ನಡ ಎಂದು ಪದಗಳನ್ನು ಬರೆದುಕೊಳ್ಳುತ್ತಾ ಹೋದಳು. ಇಪ್ಪತ್ತೈದಕ್ಕೆ ಮೂರು ಇದ್ದದ್ದು ಆರಾಯಿತು, ಒಂಬತ್ತಾಯಿತು, ಮತ್ತೆ ಏಳಕ್ಕೆ ಇಳಿಯಿತು. ಪ್ರಥಮ ವರ್ಷವನ್ನು ಹೇಗೋ ತೆವಳಿಕೊಂಡು ದಾಟಿದಳು.

೧೯೯೫ರ ದ್ವಿತೀಯ ಪಿಯುಸಿ ಫಲಿತಾಂಶದಲ್ಲಿ ಗಣಿತಕ್ಕೆ ಇಪ್ಪತ್ತೊಂಬತ್ತು ಬಂತು. ಮೂವತ್ತೈದು ಬೇಕಿತ್ತು. ಉಳಿದೆಲ್ಲ ವಿಷಯಗಳಲ್ಲೂ ಪಾಸು. ನಾನು ಅವಳಿಗೆ ಏನು ಹೇಳಬೇಕೆಂದು ಯೋಚಿಸುತ್ತಾ ಅಧ್ಯಾಪಕರ ಕೊಠಡಿಯಲ್ಲಿ ಕುಳಿತಿದ್ದಾಗ ಮುನಿಗಂಗಮ್ಮನವರು ಬಂದರು. ಕೈಯಲ್ಲಿ ಮೈಸೂರುಪಾಕಿನ ಪೊಟ್ಟಣ. ಹಿಂದೆ ಹಂಸ, ನಗುವುದೋ ಬಿಡುವುದೋ ತಿಳಿಯದೆ ನಿಂತಿದ್ದಳು.

ಫೇಲಾದ ಮಗುವಿನ ಮನೆಯಿಂದ ಸಿಹಿ ಬಂದದ್ದು ನಮ್ಮ ಕಾಲೇಜಿನಲ್ಲಿ ಅದೇ ಮೊದಲು. ಏನಮ್ಮ ಇದು ಎಂದೆ.

"ಅಮ್ಮ ಹೇಳಿದ್ದು ನಡೀತಲ್ಲ ಮಿಸ್ಸಮ್ಮ. ಅವಳ ಮಾತು ಅಲ್ಲಿಗೆ ಮುಗೀತು. ಇನ್ನು ಮುಂದಕ್ಕೆ ನಮ್ಮ ಹುಡುಗೀದು," ಎಂದು ನನ್ನ ಬಾಯಿಗೇ ಒಂದು ತುಂಡು ಇಟ್ಟರು.

ಹಂಸ ಅತ್ತಿರಲಿಲ್ಲ. ಒಪ್ಪಂದವೆಂದರೆ ಒಪ್ಪಂದ. ಮಾರನೆಯ ದಿನದಿಂದ ಬೆಳಿಗ್ಗೆ ಏಳಕ್ಕೆ ನಮ್ಮ ಮನೆಗೆ ಬರತೊಡಗಿದಳು. ಅಕ್ಟೋಬರಿನ ಪೂರಕ ಪರೀಕ್ಷೆಯಲ್ಲಿ ಐವತ್ತಮೂರು ತೆಗೆದಳು. ಆ ಮನೆಯಲ್ಲಿ ಫೇಲಾದ ಮೇಲೆ ಮತ್ತೆ ಪುಸ್ತಕ ಮುಟ್ಟಿದವಳು ಅವಳೇ ಮೊದಲು. ಮುಂದಿನ ಬೇಸಿಗೆಯಲ್ಲಿ ಅವಳ ದೊಡ್ಡಪ್ಪನ ಮಗನೊಬ್ಬ, ಎಸ್ಸೆಸ್ಸೆಲ್ಸಿಯಲ್ಲಿ ಬಿದ್ದು ಆರು ವರ್ಷವಾಗಿದ್ದವನು, ಇಂಗ್ಲಿಷು ಕಟ್ಟಿ ಪಾಸಾದನೆಂದು ಕೇಳಿದೆ. ಆ ಸಲವೂ ಮೈಸೂರುಪಾಕು ಬಂತು. ಅಜ್ಜಿ ೧೯೯೯ರವರೆಗೆ ಇದ್ದರು. ಹಂಸ ಡಿಪ್ಲೊಮಾ ಮುಗಿಸಿ ಮೊದಲ ಕೆಲಸಕ್ಕೆ ಹೊರಟ ದಿನ ತಾವೇ ಅವಳ ಬಿಸಿಲಿನ ಟೋಪಿಗೆ ದೃಷ್ಟಿ ತೆಗೆದರಂತೆ.

ಈಗ ೨೦೦೮. ನಾನು ನಿವೃತ್ತಳಾಗಿ ನಾಲ್ಕು ವರ್ಷವಾಯಿತು. ಹೊಸ ತಿಪ್ಪಸಂದ್ರದ ಒಂದು ಅಡ್ಡರಸ್ತೆಯಲ್ಲಿ ಮನೆ. ಹಂಸ ಪರವಾನಗಿ ಪಡೆದ ಭೂಮಾಪಕಿ. ಕೆ.ಆರ್. ಪುರದ ಸುತ್ತಮುತ್ತ ಎಲ್ಲಿ ಅಣ್ಣತಮ್ಮಂದಿರು ಗಡಿಗಾಗಿ ಜಗಳವಾಡುತ್ತಾರೋ ಅಲ್ಲಿ ಅವಳ 'ಸ್ಕೂಟಿ' ನಿಂತಿರುತ್ತದೆ. ಹೆಂಗಸು ಏನು ಅಳೆಯುತ್ತಾಳೆ ಎನ್ನುವವರು ಅರ್ಧ ಗಂಟೆಯಲ್ಲಿ ಛತ್ರಿ ಹಿಡಿದು ಅವಳ ಹಿಂದೆ ಓಡಾಡುತ್ತಾರಂತೆ. ಮಾರಮ್ಮನ ಗುಡಿಗೂ ಆಗಾಗ ಹೋಗುತ್ತಾಳೆ. ಚಿನ್ನಪ್ಪನಿಗೆ ಕಣ್ಣು ಮಂಜಾಗಿದೆ, ಆದರೂ ಹೂ ಈಗಲೂ ಬಲಗಡೆಯೇ ಬೀಳುತ್ತದಂತೆ. ಅವಳು ಕಾಯಿ ಒಡೆಸಿಕೊಂಡು ಬರುತ್ತಾಳೆ, ಹೂ ಮಾತ್ರ ಕೇಳುವುದಿಲ್ಲ.

ಹೋದ ವಾರ ನಮ್ಮ ಪಕ್ಕದ ಖಾಲಿ ಸೈಟು ಅಳೆಯಲು ಅವಳೇ ಬಂದಿದ್ದಳು. ಬಟ್ಟೆಚೀಲದಲ್ಲಿ ನೇರಳೆ ಹಣ್ಣು. ಆ ಮರವನ್ನು ಇನ್ನೂ ಕಡಿದಿಲ್ಲ. ಕೋಲು ಹಿಡಿಯಬೇಕಾದ ಕೆಲಸದವನು ಬಂದಿರಲಿಲ್ಲ. ಮಿಸ್, ಎರಡು ನಿಮಿಷ ಎಂದು ಬಾವುಟದ ಕೋಲನ್ನು ನನ್ನ ಕೈಗೆ ಕೊಟ್ಟು, ಅತ್ತ ಮೂಲೆಗೆ ಹೋಗಿ ಯಂತ್ರದ ಹಿಂದೆ ಒಂದು ಕಣ್ಣು ಮುಚ್ಚಿ ನಿಂತಳು.

"ಮಿಸ್, ಸ್ವಲ್ಪ ಬಲಕ್ಕೆ."

ನಾನು ಬಲಕ್ಕೆ ಸರಿದೆ.

"ನಿಮ್ಮ ಬಲಕ್ಕಲ್ಲ ಮಿಸ್," ಎಂದು ಅಲ್ಲಿಂದಲೇ ಕೂಗಿದಳು, "ನನ್ನ ಬಲಕ್ಕೆ."